ಮಹಾಪೂರದ ಸ್ಮರಣೆ

ಪಟ್ಟಾಭಿಷೇಕದ ದಿನವನ್ನೂ ಗೆಲುವಿನ ದಿನವನ್ನೂ ನೆನೆಯುವ ರೂಢಿ ಎಲ್ಲ ನಾಡುಗಳಲ್ಲಿಯೂ ಉಂಟು. ಕೇಡಿನ ದಿನವನ್ನು ನೆನೆಯುವ ಊರುಗಳು ಮಾತ್ರ ವಿರಳ. ಮನೆಯ ಹಿರಿಯರ ತಿಥಿಯನ್ನು ತಪ್ಪದೆ ಆಚರಿಸುವ ನಾವು, ಇಡಿಯ ಊರಿಗೆ ಬಂದೊದಗಿದ ವಿಪತ್ತಿನ ತಿಥಿಯನ್ನು ಏಕೆ ಮರೆಯುತ್ತೇವೆ? ಇದು ಇತಿಹಾಸವನ್ನು ಕಲಿಸುವವರೂ ಕಲಿಯುವವರೂ ವಿಚಾರಿಸತಕ್ಕ ಪ್ರಶ್ನೆಯಾಗಿದೆ.

ಮೊದಲು ದೂರದ ಉದಾಹರಣೆಯೊಂದನ್ನು ನೋಡೋಣ. ಅಮೇರಿಕೆಯ ಟೆಕ್ಸಾಸ್ ಪ್ರಾಂತದಲ್ಲಿ, ಮೆಕ್ಸಿಕೋ ಕೊಲ್ಲಿಯ ದಂಡೆಗೆ, ಗ್ಯಾಲ್ವೆಸ್ಟನ್ ಎಂಬ ದ್ವೀಪನಗರವಿದೆ. ೧೯೦೦ನೆಯ ಇಸವಿಯ ಸಪ್ಟಂಬರ ೮ರಂದು ಅಲ್ಲಿ ಎದ್ದ ಚಂಡಮಾರುತಕ್ಕೆ ಆರು ಸಾವಿರಕ್ಕೂ ಮಿಕ್ಕಿ ಜನರು ಬಲಿಯಾದರು. ಉಳಿದವರು ಅಳುತ್ತ ಕೂಡ್ರಲಿಲ್ಲ. ಕಡಲಿಗೆದುರಾಗಿ ಹದಿನೇಳು ಅಡಿ ಎತ್ತರದ ಗೋಡೆಯನ್ನು ಕಟ್ಟಿದರು; ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಜಾಕಿಗಳಿಂದ ಮೇಲೆತ್ತಿ, ಅವುಗಳ ಕೆಳಗೆ ಮರಳು ತುಂಬಿ, ಊರಿನ ನೆಲವನ್ನೇ ಎತ್ತರಿಸಿದರು. ೧೯೧೫ರಲ್ಲಿ ಮತ್ತೊಂದು ಘೋರ ಚಂಡಮಾರುತ ಬಂದಾಗ ಆ ಗೋಡೆಯೇ ಊರನ್ನು ಕಾಯಿತು. ನೂರು ವರ್ಷ ತುಂಬಿದ ೨೦೦೦ದಲ್ಲಿ ಅದೇ ಗೋಡೆಯ ಮೇಲೆ ಸತ್ತವರ ಸ್ಮಾರಕವಾಗಿ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ಅಲ್ಲಿ ಸ್ಮರಣೆಯು ಕಾರ್ಯದ ಮೇಲೆಯೇ ನಿಂತಿದೆ ಎಂಬುದು ಗಮನಿಸತಕ್ಕ ಸಂಗತಿ.

ನಮ್ಮ ಕೊಲ್ಲಾಪುರಕ್ಕೆ ಕಡಲಿಲ್ಲ. ಆದರೆ ಪಂಚಗಂಗೆ ಇದ್ದಾಳೆ. ಕಾಸಾರಿ, ಕುಂಭಿ, ತುಳಸಿ, ಭೋಗಾವತಿಗಳು, ಗುಪ್ತಗಾಮಿನಿಯೆಂದು ನಂಬಲಾದ ಸರಸ್ವತಿಯೊಡನೆ ಕೂಡಿ ಈ ಹೆಸರು ಬಂದಿದೆ. ಪ್ರಯಾಗ ಚಿಖಲಿಯ ಸಂಗಮದಿಂದ ಹೊರಟು, ಕೊಲ್ಲಾಪುರ, ಇಚಲಕರಂಜಿಗಳನ್ನು ಹಾಯ್ದು, ನರಸೋಬಾವಾಡಿಯಲ್ಲಿ ಈ ನದಿ ಕೃಷ್ಣೆಯನ್ನು ಸೇರುತ್ತದೆ. ಸಹ್ಯಾದ್ರಿಯಲ್ಲಿ ಬಿದ್ದ ಮಳೆ ಇಳಿಜಾರಿನಲ್ಲಿ ಬೇಗನೆ ಧಾವಿಸಿ ಬರುತ್ತದೆ. ಬಯಲಿಗೆ ಬಂದೊಡನೆ ನದಿಯ ನಡೆ ಮಂದವಾಗುತ್ತದೆ. ಕೃಷ್ಣೆಯೂ ಅದೇ ವೇಳೆಗೆ ತುಂಬಿ ಹರಿಯುತ್ತಿದ್ದರೆ ಪಂಚಗಂಗೆಯ ನೀರಿಗೆ ಮುಂದೆ ಹಾದಿಯಿಲ್ಲ. ಅದು ಹಿಂದಕ್ಕೆ ಒತ್ತಿ ಹೊಲಮನೆಗಳನ್ನು ಹೊಗುತ್ತದೆ.

ಕೊಲ್ಲಾಪುರದ ರಾಜಾರಾಮ ಬಂಧಾರಾದ ಹತ್ತಿರ ಈ ನದಿಯ ಮಟ್ಟವನ್ನು ಅಳೆಯುತ್ತಾರೆ. ೩೯ ಅಡಿ ಎಚ್ಚರಿಕೆಯ ಮಟ್ಟ, ೪೩ ಅಡಿ ಅಪಾಯದ ಮಟ್ಟ. ೨೦೦೫ರ ಮಹಾಪೂರದಲ್ಲಿ ನೀರು ಸುಮಾರು ೪೯ ಅಡಿಯವರೆಗೆ ಏರಿತ್ತು. ಇದಕ್ಕಿಂತ ಹೆಚ್ಚು ಬರಲಾರದೆಂದು ಹಲವರು ತಿಳಿದರು. ೨೦೧೯ರ ಆಗಸ್ಟ ತಿಂಗಳ ಮೊದಲ ವಾರದಲ್ಲಿ ನೀರು ೫೫ ಅಡಿಗಳನ್ನು ದಾಟಿತು. ಪುಣೆ-ಬೆಂಗಳೂರು ಹೆದ್ದಾರಿ ಶಿರೋಲಿಯ ಹತ್ತಿರ ಹಲವು ದಿನ ಮುಚ್ಚಿತು. ನೀರೆತ್ತುವ ಯಂತ್ರಗಳೇ ಮುಳುಗಿದ್ದರಿಂದ, ಸುತ್ತಲೂ ನೀರಿದ್ದ ನಗರದಲ್ಲಿ ಕುಡಿಯುವ ನೀರಿಗೆ ತತ್ವಾರವಾಯಿತು! ಎರಡೇ ವರ್ಷಗಳ ತರುವಾಯ, ೨೦೨೧ರ ಜುಲೈಯಲ್ಲಿ, ನೀರು ೫೬ ಅಡಿಯನ್ನು ಮುಟ್ಟಿತು.

ವಿಪತ್ತು ಒಂದು ಊರಿನದಾಗಿರಲಿಲ್ಲ. ೨೦೧೯ರಲ್ಲಿ ಇಚಲಕರಂಜಿಯ ಹೊಳೆದಂಡೆಯ ಓಣಿಗಳಿಗೆ ನೀರು ನುಗ್ಗಿತು. ಮಗ್ಗದ ಸದ್ದಿನಲ್ಲಿಯೇ ಹಗಲಿರುಳು ಕಳೆಯುವ ಆ ಊರಿನಲ್ಲಿ, ಮಗ್ಗ ನಿಂತಿತೆಂದರೆ ಕೂಲಿಯೂ ನಿಂತಿತೆಂದೇ ಅರ್ಥ. ಗಡಹಿಂಗ್ಲಜದ ಕಡೆ ಹಿರಣ್ಯಕೇಶಿ ಉಕ್ಕಿತು. ಅದೇ ನೀರು ಮುಂದೆ ಸಂಕೇಶ್ವರದ ಮೇಲೆ ಹರಿದು ಘಟಪ್ರಭೆಗೆ ಕೂಡಿತು. ಗೋಕಾಕದ ಜನರೂ ಮನೆ ಬಿಟ್ಟು ಹೋಗಬೇಕಾಯಿತು. ನಕಾಶೆಯಲ್ಲಿ ನಾವು ಎಳೆದ ಗಡಿಗೆರೆಯನ್ನು ಹೊಳೆ ಓದಲಾರದು.

ಮರೆವಿನ ಬೆಲೆ ಎಷ್ಟೆಂಬುದಕ್ಕೆ ಪ್ರಯಾಗ ಚಿಖಲಿಯೇ ಸಾಕ್ಷಿ. ೧೯೮೯ರ ಪೂರದ ತರುವಾಯ ಅಲ್ಲಿಯ ಜನರಿಗೆ ಎತ್ತರದ ಸೋನತಳಿಯಲ್ಲಿ ಮನೆ ಕಟ್ಟಲು ಜಾಗೆ ಕೊಟ್ಟರು. ಆದರೆ ಹೊಲ, ಎಮ್ಮೆ, ದೇವರು, ಎಲ್ಲವೂ ಹಳೆಯ ಊರಿನಲ್ಲಿದ್ದವು. ಹಲವರು ಹಳೆಯ ಮನೆಗಳಲ್ಲಿಯೇ ಉಳಿದರು. ಮೂವತ್ತು ವರ್ಷಗಳಲ್ಲಿ ಹೊಸ ತಲೆಮಾರು ಬೆಳೆಯಿತು. ಅಜ್ಜನು ಕಂಡ ನೀರು ಮೊಮ್ಮಗನಿಗೆ ಕಥೆಯಾಯಿತು. ೨೦೧೯ರಲ್ಲಿ ಅದೇ ಊರಿನವರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಇದಕ್ಕಾಗಿ ಅವರನ್ನು ಹಳಿಯುವುದು ಸಲ್ಲದು. ಅನ್ನ ಕೊಡುವ ಕಪ್ಪು ಮಣ್ಣು ಹೊಳೆಯ ದಂಡೆಗೇ ಇರುವಾಗ, ದೂರದ ದಿನ್ನೆಯ ಮೇಲೆ ಬದುಕುವುದು ಒಕ್ಕಲಿಗನಿಗೆ ಸುಲಭವಲ್ಲ.

ತಪ್ಪು ಯಾರದು ಎಂಬ ವಾದವೂ ಪ್ರತಿ ಪೂರದೊಡನೆ ಏಳುತ್ತದೆ. ಕೆಳಗಿನ ಆಲಮಟ್ಟಿ ಆಣೆಕಟ್ಟೇ ಕಾರಣವೆಂದು ಇಲ್ಲಿ ಅನೇಕರು ಹೇಳಿದರು. ಮೇಲಿನವರು ಒಮ್ಮೆಲೆ ನೀರು ಬಿಟ್ಟರೆಂದು ಅಲ್ಲಿಯವರು ದೂರಿದರು. ಮಹಾರಾಷ್ಟ್ರ ಸರಕಾರವೇ ನೇಮಿಸಿದ ವಡ್ನೇರೆ ಸಮಿತಿಯು ೨೦೨೦ರಲ್ಲಿ ವರದಿ ಒಪ್ಪಿಸಿ, ೨೦೧೯ರ ಪೂರಕ್ಕೆ ಆಲಮಟ್ಟಿ ಕಾರಣವಲ್ಲವೆಂದು ತಿಳಿಸಿತು. ಅಸಾಧಾರಣ ಮಳೆಯನ್ನೂ, ಹೊಳೆಯ ಪಾತ್ರದೊಳಗೆ ಎದ್ದ ಕಟ್ಟಡಗಳನ್ನೂ ಎತ್ತಿ ತೋರಿಸಿತು. ವಾದ ಇನ್ನೂ ಮುಗಿದಿಲ್ಲ. ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ಪೂರದ ಮಟ್ಟಕ್ಕೆ ನೀಲಿ ರೇಖೆ, ನೂರು ವರ್ಷಕ್ಕೊಮ್ಮೆ ಬರಬಹುದಾದುದಕ್ಕೆ ಕೆಂಪು ರೇಖೆ ಎಂದು ಸರಕಾರವು ಗುರುತು ಹಾಕುತ್ತದೆ. ಆ ರೇಖೆಗಳು ಕಚೇರಿಯ ಕಾಗದದಲ್ಲಿಯೇ ಉಳಿದು, ಮನೆ ಕಟ್ಟುವವನ ಕಣ್ಣಿಗೆ ಬೀಳದಿದ್ದರೆ ಫಲವೇನು?

ಹಿಂದಿನವರು ನೆನಪನ್ನು ಕಾಪಾಡುವ ಕಲೆಯನ್ನು ಬಲ್ಲವರಾಗಿದ್ದರು. ನರಸೋಬಾವಾಡಿಯಲ್ಲಿ ಏರಿದ ನೀರು ದತ್ತನ ಪಾದುಕೆಗಳ ಮೇಲೆ ಹರಿದು ದಕ್ಷಿಣದ ಬಾಗಿಲಿನಿಂದ ಹೊರಬೀಳುವುದನ್ನು 'ದಕ್ಷಿಣದ್ವಾರ'ವೆಂದು ಕರೆದು, ಭಕ್ತರು ಆ ನೀರಿನಲ್ಲಿ ಮೀಯುತ್ತಾರೆ. ಭಕ್ತಿಯ ಜೊತೆಗೆ ಅಲ್ಲಿ ಒಂದು ಅಳತೆಯೂ ಇದೆ: ನೀರು ಎಲ್ಲಿಯವರೆಗೆ ಬಂದಿತೆಂಬುದನ್ನು ಊರಿಗೆ ಊರೇ ಅರಿಯುತ್ತದೆ. ಶಿಲಾಹಾರರ ಕಾಲದಲ್ಲಿ ಈ ಸೀಮೆಯ ಜನರು ದಾನದತ್ತಿಗಳನ್ನು ಕನ್ನಡದಲ್ಲಿ ಕಲ್ಲಿಗೆ ಕೆತ್ತಿಸಿದರು. ಕೃಷ್ಣೆಯ ದಂಡೆಯ ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿಯೂ ಕನ್ನಡ ಶಾಸನಗಳುಂಟು. ಒಂದು ಹೊಲದ ಎಲ್ಲೆಯನ್ನು ಮರೆಯಬಾರದೆಂದು ಕಲ್ಲು ನಿಲ್ಲಿಸಿದವರ ಮಕ್ಕಳು ನಾವು; ಹೊಳೆಯ ಎಲ್ಲೆಗೆ ಒಂದು ಗೆರೆಯನ್ನಾದರೂ ಎಳೆಯಲಾರೆವೇ?

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ. ಪೂರ ಬಂದಾಗ ನಿರಾಶ್ರಿತರು ಮೊದಲು ಬರುವುದು ಎತ್ತರದಲ್ಲಿರುವ ಶಾಲೆಗೆ. ನೆನಪೂ ಶಾಲೆಯಲ್ಲಿಯೇ ಆಶ್ರಯ ಪಡೆಯಲಿ. ನೀರು ಹೊಕ್ಕ ಊರುಗಳ ಶಾಲೆಯ ಗೋಡೆಯ ಮೇಲೆ ೨೦೦೫, ೨೦೧೯, ೨೦೨೧ರ ಮಟ್ಟಗಳನ್ನು ಬಣ್ಣದಿಂದ ಗುರುತಿಸಿ, ಇಸವಿಯನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯೋಣ. ವಿದ್ಯಾರ್ಥಿಗಳು ಆ ಗೆರೆಯ ಮುಂದೆ ನಿಂತು ತಮ್ಮ ಎತ್ತರವನ್ನು ಹೋಲಿಸಿಕೊಳ್ಳಲಿ. ಒಂದು ಮಟ್ಟದಿಂದ ಮತ್ತೊಂದನ್ನು ಕಳೆದು ಲೆಕ್ಕ ಕಲಿಯಲಿ. ಪ್ರತಿ ವರ್ಷ ಆಗಸ್ಟ ತಿಂಗಳ ಒಂದು ದಿನ ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ಬರಲಿ: ಎಷ್ಟು ಹೊತ್ತಿಗೆ ನೀರು ಬಂತು? ಯಾವ ದಾರಿ ಮೊದಲು ಮುಚ್ಚಿತು? ದನಗಳನ್ನು ಎಲ್ಲಿಗೆ ಹೊಡೆದಿರಿ? ಕೇಳಿದ್ದನ್ನು ವಹಿಯಲ್ಲಿ ಬರೆದಿಡಲಿ.

ಗ್ಯಾಲ್ವೆಸ್ಟನ್ನಿನವರಂತೆ ಊರನ್ನೇ ಮೇಲೆತ್ತುವ ಶಕ್ತಿ ಶಾಲೆಯ ಮಕ್ಕಳಿಗಿಲ್ಲ. ಆದರೆ ಆ ವಹಿಯನ್ನು ಬರೆದ ಬಾಲಕನು ನಾಳೆ ಮನೆ ಕಟ್ಟಲು ಜಾಗೆ ಹುಡುಕುವಾಗ ಗೋಡೆಯ ಆ ಗೆರೆಯನ್ನು ನೆನೆದರೆ, ಒಂದು ಮನೆಯಾದರೂ ಮುಳುಗದೆ ಉಳಿದೀತು.