ಪುಟದೊಳಗಿನ ಪುಟ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯವರಿಗೆ ಸೊಪ್ಪಿನಬೆಟ್ಟದ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಡಿಕೆ ತೋಟಕ್ಕೆ ಅಂಟಿಕೊಂಡೇ ಬೆಟ್ಟವಿರುತ್ತದೆ. ತೋಟದ ಒಡೆಯ ಅಲ್ಲಿಂದ ಸೊಪ್ಪು, ದರಗು ತರುತ್ತಾನೆ. ಆದರೆ ನೆಲ ಸರ್ಕಾರದ್ದು. ಗಣಕಯಂತ್ರದ ತೆರೆಯ ಮೇಲೆಯೂ ಇಂಥದೇ ಒಂದು ಏರ್ಪಾಡುಂಟು. ಅದಕ್ಕೆ ಐಫ್ರೇಮ್ ಎಂದು ಹೆಸರು. ಒಂದು ಜಾಲಪುಟದ ನಡುವೆ ಚೌಕಟ್ಟು ಹಾಕಿ, ಅದರೊಳಗೆ ಬೇರೊಬ್ಬರ ಪುಟವನ್ನು ಕೂರಿಸುವುದು ಅದರ ಕೆಲಸ. ಪಾಠದ ನಡುವಿನ ವಿಡಿಯೊ, ಊರಿನ ನಕ್ಷೆ, ಎಷ್ಟೋ ಕಡೆ ಹಣ ಕಟ್ಟುವ ಪುಟ, ಇವೆಲ್ಲ ಹೀಗೆ ಬಂದು ಕುಳಿತ ಅತಿಥಿಗಳೇ. ಒಳಗೆ ಕಂಡರೂ ಅವು ಮನೆಯ ಯಜಮಾನನ ಮಾತು ಕೇಳುವುದಿಲ್ಲ.

ಇದು ಬಲ್ಲವರ ಗೋಜೆಂದು ಬಿಡುವಂತಿಲ್ಲ. ೧೯೫೧ರ ಕಾಗೋಡು ಸತ್ಯಾಗ್ರಹ ನಡೆದದ್ದು ಸಾಗರ ತಾಲ್ಲೂಕಿನಲ್ಲಿ. ೧೯೬೪ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ನುಂಗಿದ್ದು ಸಾಗರ, ಹೊಸನಗರಗಳ ಹಳ್ಳಿಗಳನ್ನು. ಇಂಥ ಸೀಮೆಯಲ್ಲಿ ಪಹಣಿಯೆಂಬುದು ಬರಿಯ ಕಾಗದವಲ್ಲ. ೨೦೦೦ದ ಸುಮಾರಿಗೆ ಭೂಮಿ ಯೋಜನೆಯಿಂದ ಕೈಬರಹದ ಪಹಣಿ ಗಣಕಯಂತ್ರ ಸೇರಿತು. ಈಗ ಅದನ್ನು ಜಾಲದಲ್ಲಿಯೇ ನೋಡಬಹುದು. ಅರ್ಜಿ, ಶುಲ್ಕ, ಪಾಠ, ಫಲಿತಾಂಶ ಎಲ್ಲವೂ ಅದೇ ದಾರಿ ಹಿಡಿದಿವೆ. ಬೆಳಗಿನ ಬಸ್ಸಿಗೆ ಪೇಟೆಗೆ ಬಂದವನೆದುರು ತೆರೆಯ ನಡುವೆ ಬಿಳಿಯ ಚೌಕವೊಂದು ಖಾಲಿ ನಿಂತರೆ, ಅಂಗಡಿಯವನು ‘ಸರ್ವರ್ ಇಲ್ಲ’ ಎಂದು ಕಳಿಸಿಬಿಡುತ್ತಾನೆ. ಅನೇಕ ವೇಳೆ ಸರ್ವರ್ ಇದ್ದೇ ಇರುತ್ತದೆ. ಇಲ್ಲದಿರುವುದು ಒಪ್ಪಿಗೆ.

ಈ ಒಪ್ಪಿಗೆಯ ಇತಿಹಾಸ ಸ್ವಾರಸ್ಯವಾಗಿದೆ. ತೆರೆಯನ್ನು ಚೌಕಟ್ಟುಗಳಾಗಿ ಹಂಚುವ ಪದ್ಧತಿಯನ್ನು ತಂದದ್ದು ನೆಟ್‌ಸ್ಕೇಪ್ ಬ್ರೌಸರಿನ ಎರಡನೆಯ ಆವೃತ್ತಿ. ಪುಟದ ನಡುವೆಯೇ ಕೂರುವ ಐಫ್ರೇಮನ್ನು ೧೯೯೬ರಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರಿನ ಮೂರನೆಯ ಆವೃತ್ತಿಯಲ್ಲಿ ತಂದಿತು. ೧೯೯೭ರ ಡಿಸೆಂಬರಿನಲ್ಲಿ ಅದು ಎಚ್‌ಟಿಎಂಎಲ್ ನಾಲ್ಕರ ನಿಯಮಾವಳಿ ಸೇರಿದರೂ, ನೆಟ್‌ಸ್ಕೇಪಿನ ನಾಲ್ಕನೆಯ ಆವೃತ್ತಿಗೆ ಅದು ತಿಳಿಯದು. ಒಂದರಲ್ಲಿ ತುಂಬಿದ ಚೌಕ ಇನ್ನೊಂದರಲ್ಲಿ ಕಾಣದಾಯಿತು. ಜಗಳ ಅಲ್ಲಿಂದಲೇ ಮೊದಲು.

ಮುಂದಿನ ಜಗಳಗಳು ಅಜ್ಞಾನದವಲ್ಲ, ಅಪನಂಬಿಕೆಯವು. ಒಳಪುಟ ಓದುಗನ ಯಂತ್ರದಲ್ಲಿಡುವ ಗುರುತುಚೀಟಿಗೆ ಕುಕಿ ಎನ್ನುತ್ತಾರೆ. ೨೦೦೧ರಲ್ಲಿ ಎಕ್ಸ್‌ಪ್ಲೋರರಿನ ಆರನೆಯ ಆವೃತ್ತಿ, ತನ್ನ ನೀತಿಯನ್ನು ಮುಂಚಿತವಾಗಿ ಸಾರದ ಅತಿಥಿಯ ಚೀಟಿಯನ್ನು ತಿರಸ್ಕರಿಸತೊಡಗಿತು. ೨೦೦೮ರಲ್ಲಿ ಇನ್ನೊಂದು ಮೋಸ ಬೆಳಕಿಗೆ ಬಂತು. ಪಾರದರ್ಶಕ ಚೌಕಟ್ಟನ್ನು ಮೇಲೆ ಹೊದಿಸಿ, ಜನ ಒಂದನ್ನು ಒತ್ತಿದೆವೆಂದುಕೊಂಡರೆ ಇನ್ನೊಂದು ಒತ್ತುವಂತೆ ಮಾಡುವ ಉಪಾಯವದು. ಅದಕ್ಕೆ ಪ್ರತಿಯಾಗಿ ೨೦೦೯ರಲ್ಲಿ, ‘ನನ್ನನ್ನು ಬೇರೆಯವರ ಚೌಕಟ್ಟಿನಲ್ಲಿ ಕೂರಿಸಕೂಡದು’ ಎಂದು ಪುಟವೇ ಹೇಳಿಕಳಿಸುವ ಎಕ್ಸ್-ಫ್ರೇಮ್-ಆಪ್ಷನ್ಸ್ ಎಂಬ ಆಜ್ಞೆ ಬಂತು. ‘ಇಂಥವರ ಮನೆಯಲ್ಲಿ ಮಾತ್ರ ಕೂರುತ್ತೇನೆ’ ಎನ್ನುವ ಸೌಲಭ್ಯವೂ ಅದರಲ್ಲಿತ್ತು. ಅದನ್ನು ಎಕ್ಸ್‌ಪ್ಲೋರರ್ ಒಪ್ಪಿತು. ಕ್ರೋಮ್, ಸಫಾರಿಗಳು ಒಪ್ಪಲೇ ಇಲ್ಲ. ಅವು ಒಪ್ಪಿದ ಫ್ರೇಮ್-ಆನ್ಸೆಸ್ಟರ್ಸ್ ಎಂಬ ಹೊಸ ಆಜ್ಞೆಯನ್ನು ಎಕ್ಸ್‌ಪ್ಲೋರರ್ ಅರಿಯದು. ೨೦೧೩ರಲ್ಲಿ ಫೈರ್‌ಫಾಕ್ಸ್, ಬೀಗವಿರುವ ಪುಟದೊಳಗೆ ಬೀಗವಿಲ್ಲದ ಪುಟ ಕೂರುವುದನ್ನು ತಡೆಯಿತು.

೨೦೨೦ರ ಫೆಬ್ರವರಿಯಲ್ಲಿ ಕ್ರೋಮ್ ಕೂಡ ಒಳಪುಟದ ಕುಕಿಗೆ ಹೊಸ ಕಟ್ಟಳೆ ವಿಧಿಸಿತು. ಮಾರ್ಚಿನಲ್ಲಿ ಸಫಾರಿ ಅಂಥ ಕುಕಿಗಳನ್ನು ಪೂರ್ತಿ ನಿಲ್ಲಿಸಿತು. ಅಷ್ಟರಲ್ಲಿ ಕೊರೊನಾ ಬಂದು ಲೋಕವೆಲ್ಲ ಮನೆ ಸೇರಿತು. ಮಲೆನಾಡಿನ ಮಕ್ಕಳು ಸಿಗ್ನಲ್ ಅರಸಿ ಗುಡ್ಡ ಹತ್ತಿದರು. ಅಗತ್ಯ ಸೇವೆಗಳು ಕೆಡಬಾರದೆಂದು ಗೂಗಲ್ ತನ್ನ ಕಟ್ಟಳೆಯನ್ನು ಏಪ್ರಿಲಿನಲ್ಲಿ ಹಿಂತೆಗೆದು, ಜುಲೈಯಲ್ಲಿ ಮತ್ತೆ ಜಾರಿಗೆ ತಂದಿತು. ಕಟ್ಟಳೆ ಬಿಗಿಮಾಡಿದರೆ ಎಷ್ಟು ಬಾಗಿಲು ಮುಚ್ಚುತ್ತವೆಂಬುದು ಕಟ್ಟಿದವರಿಗೂ ಗೊತ್ತಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈ ಚರಿತ್ರೆಯನ್ನು ಬಲ್ಲವನಿಗೆ ರೋಗಪರೀಕ್ಷೆ ಸುಲಭ. ಒಳಪುಟವನ್ನು ಬೇರೆ ಕಿಟಕಿಯಲ್ಲಿ ತೆರೆದು ನೋಡಬೇಕು. ಅಲ್ಲೂ ಬರದಿದ್ದರೆ ದೋಷ ಜಾಲದ್ದು ಅಥವಾ ಸರ್ವರಿನದು; ಬಂದರೆ ದೋಷ ಗಡಿಯದು. ಚೌಕದಲ್ಲಿ ಸಂಪರ್ಕ ನಿರಾಕರಿಸಿದ ಸೂಚನೆಯಿದ್ದರೆ ಪ್ರಾಯಶಃ ಅತಿಥಿಯೇ ಬರಲೊಪ್ಪಿಲ್ಲ. ಪುಟ ಬಂದೂ ಮತ್ತೆ ಮತ್ತೆ ಹೆಸರು, ಗುಪ್ತಪದ ಕೇಳುತ್ತಿದ್ದರೆ ಕುಕಿಯನ್ನು ತಡೆದಿರಬಹುದು. ಹೊರಗಿನ ವಿಳಾಸಕ್ಕೆ ಬೀಗದ ರಕ್ಷಣೆಯಿದ್ದು ಒಳಗಿನದಕ್ಕೆ ಇಲ್ಲದಿದ್ದರೆ ಕಾರಣ ಅದೇ. ಎಫ್-ಹನ್ನೆರಡರ ಗುಂಡಿ ಒತ್ತಿದರೆ, ಯಾವ ಕಟ್ಟಳೆ ತಡೆಯಿತೆಂಬುದನ್ನು ಬ್ರೌಸರು ಸಾಮಾನ್ಯವಾಗಿ ತಾನೇ ಬರೆದಿಟ್ಟಿರುತ್ತದೆ.

ಬೇಲಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಮೋಸಗಾರರಿರುವ ತನಕ ಬೇಲಿ ಬೇಕು. ಬೇಲಿ ಹಾಕಿದಲ್ಲಿ ಮಲೆನಾಡಿನವರು ದಣಪೆಯನ್ನೂ ಇಡುತ್ತಾರೆ. ದನ ನುಗ್ಗದು, ಮನುಷ್ಯ ದಾಟಿಯಾನು. ಜಾಲಪುಟ ಕಟ್ಟುವವರು ಒಳಪುಟದ ಕೆಳಗೆ ‘ಬೇರೆ ಕಿಟಕಿಯಲ್ಲಿ ತೆರೆಯಿರಿ’ ಎಂಬ ಒಂದು ಸಾಲನ್ನಿಟ್ಟರೂ ಸಾಕು. ತಮ್ಮ ಹೊಸ ಯಂತ್ರದ ಒಂದೇ ಬ್ರೌಸರಿನಲ್ಲಿ ನೋಡಿ ‘ಸರಿಯಿದೆ’ ಎನ್ನದೆ, ಹೊಸನಗರದ ಅಂಗಡಿಯ ಹಳೆಯ ಯಂತ್ರವನ್ನೂ ನೆನೆಯಬೇಕು. ಹಿಂದಕ್ಕೆ ಹೊರಡುವ ಬಸ್ಸು ಬ್ರೌಸರಿನ ಕಟ್ಟಳೆಗಾಗಿ ಕಾಯುವುದಿಲ್ಲ.