ಹಿತ್ತಲ ಗಿಡದ ಪಾಠ

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಮನುಷ್ಯರಿಗೆ ಅನ್ವಯಿಸಿ ಹೇಳುತ್ತೇವೆ. ಊರಿನ ವಿದ್ವಾಂಸನಿಗೆ ಊರಿನಲ್ಲಿ ಮನ್ನಣೆಯಿಲ್ಲ, ಮನೆಯ ಮಗನ ಮಾತಿಗೆ ಮನೆಯಲ್ಲಿ ಬೆಲೆಯಿಲ್ಲ ಎಂಬಲ್ಲಿಗೆ ಅದರ ಅರ್ಥವನ್ನು ಮುಗಿಸಿಬಿಡುತ್ತೇವೆ. ಆ ಗಾದೆಯೊಳಗೆ ಒಂದು ನಿಜವಾದ ಗಿಡ ನಿಂತಿದೆಯೆಂಬುದು ನೆನಪಾಗುವುದೇ ಅಪರೂಪ. ನನಗೆ ಅದು ನೆನಪಾದದ್ದು ತರಗತಿಯಲ್ಲಿ. ಅದೂ ಸ್ವಲ್ಪ ಅವಮಾನದೊಡನೆ.

ಹಳಗನ್ನಡ ಕಾವ್ಯವೊಂದರ ಉದ್ಯಾನವರ್ಣನೆಯನ್ನು ಪಾಠ ಹೇಳುತ್ತಿದ್ದೆ. ಬಕುಳ, ಸುರಹೊನ್ನೆ, ಪಾದರಿ, ಮಾಧವಿ, ಅಶೋಕ ಎಂದು ಹೆಸರುಗಳು ಸಾಲುಸಾಲಾಗಿ ಬರುತ್ತಿದ್ದುವು. ಹಿಂದಿನ ಬೆಂಚಿನಲ್ಲಿದ್ದ ಒಬ್ಬ ವಿದ್ಯಾರ್ಥಿನಿ ಎದ್ದು, "ಸಾರ್, ಇವುಗಳಲ್ಲಿ ನಮ್ಮ ಕಾಲೇಜಿನಲ್ಲಿ ಯಾವುದಿದೆ?" ಎಂದು ಕೇಳಿದಳು. ನಾನು ಕಿಟಕಿಯ ಆಚೆ ಕಂಬಗಳಂತೆ ನೆಟ್ಟಗೆ ನಿಂತಿದ್ದ ಮರಗಳನ್ನು ತೋರಿಸಿ, "ಅಶೋಕವಿದೆಯಲ್ಲ!" ಎಂದೆ. ಈ ಮಾತು ಸಸ್ಯಶಾಸ್ತ್ರ ವಿಭಾಗದ ಗೆಳೆಯರ ಕಿವಿಗೆ ಬಿದ್ದು, ಮರುದಿನ ಅವರು ನಗುತ್ತ ತಿದ್ದಿದರು. ಕವಿಗಳ ಅಶೋಕಕ್ಕೆ ಕಿತ್ತಳೆ ಕೆಂಪಿನ ಗೊಂಚಲು ಹೂವು. ಕಾಲೇಜಿನದು ಕಂಬದ ಮರ, ಅದರ ಹೂವು ಎಲೆಗಳ ನಡುವೆ ಕಾಣದಷ್ಟು ಹಸಿರು. ಹದಿನೈದು ವರ್ಷ ಅಶೋಕವನ್ನು ಪಾಠ ಹೇಳಿದವನು ಅಶೋಕವನ್ನೇ ಕಂಡಿರಲಿಲ್ಲ!

ತಪ್ಪು ನನ್ನೊಬ್ಬನದಾಗಿದ್ದರೆ ಅದನ್ನು ಇಲ್ಲಿ ಬರೆಯುತ್ತಿರಲಿಲ್ಲ. ನಗರದಲ್ಲಿ ಬೆಳೆದ ನಮ್ಮಲ್ಲಿ ಬಹುಮಂದಿಯ ಸ್ಥಿತಿ ಇದೇ. ಗುಲಾಬಿಯ ಹತ್ತು ತಳಿಗಳನ್ನು ಹೆಸರಿಸಬಲ್ಲವರು ಮತ್ತಿಯನ್ನೂ ಮುತ್ತುಗವನ್ನೂ ಗುರುತಿಸಲಾರರು. ಒಂದು ಸಮಾಜವೇ ತನ್ನ ಹಿತ್ತಲನ್ನು ಮರೆತದ್ದು ಹೇಗೆ? ಮರೆಯುವುದಕ್ಕೆ ಮೊದಲು ಅದನ್ನು ಕಲಿತದ್ದು ಯಾರಿಂದ?

ಗಿಡಮರಗಳ ವಿದ್ಯೆಗೆ ಹಿಂದೆ ನಮ್ಮಲ್ಲಿ ಬೇರೆ ಶಾಲೆಯಿರಲಿಲ್ಲ; ಊರೇ ಶಾಲೆಯಾಗಿತ್ತು. ಮೈಸೂರು ಸೀಮೆಯ ಹಳ್ಳಿಗಳ ಅಂಚಿನಲ್ಲಿ ಗುಂಡುತೋಪುಗಳಿದ್ದುವು. ಮಾವು, ಹುಣಸೆ, ಹೊಂಗೆ, ನೇರಳೆ, ಹಲಸು, ಬೇವು ಅಲ್ಲಿ ಒಟ್ಟಿಗೆ ಬೆಳೆಯುತ್ತಿದ್ದುವು. ನೆರಳು ದಾರಿಹೋಕರಿಗೆ, ಫಲ ಊರಿಗೆ. ಹೊಂಗೆಯ ಬೀಜದ ಎಣ್ಣೆಯಿಂದ ದೀಪ ಉರಿಯುತ್ತಿತ್ತು, ಅದರ ಸೊಪ್ಪು ಗದ್ದೆಗೆ ಗೊಬ್ಬರವಾಗುತ್ತಿತ್ತು. ಅರಳಿಗೂ ಬೇವಿಗೂ ಮದುವೆ ಮಾಡಿ ಕಟ್ಟೆ ಕಟ್ಟಿಸುತ್ತಿದ್ದರು. ಕೊಡಗಿನ ಸಾವಿರಕ್ಕೂ ಮಿಕ್ಕ ದೇವರಕಾಡುಗಳಲ್ಲಿ ಕೊಡಲಿಯನ್ನು ತಡೆದದ್ದು ದೈವಭಯ. ಯಾವ ಮರ ಎಲ್ಲಿ ನಿಲ್ಲಬೇಕು, ಯಾವುದನ್ನು ಯಾವಾಗ ಕಡಿಯಬಾರದು ಎಂಬುದನ್ನು ಮಕ್ಕಳು ದೊಡ್ಡವರ ಹಿಂದೆ ತಿರುಗುತ್ತಲೇ ಕಲಿಯುತ್ತಿದ್ದರು.

ಕವಿಗಳಿಗೂ ಈ ವಿದ್ಯೆ ಇತ್ತು. ಹತ್ತನೆಯ ಶತಮಾನದ ಪಂಪ ಬನವಾಸಿಯನ್ನು ನೆನೆದು ಹಾಡಿದ ಮಾತು ಎಲ್ಲರಿಗೂ ಗೊತ್ತು. ಅಲ್ಲಿ ಗುಣವಂತ ಮನುಷ್ಯನಾಗಿ ಹುಟ್ಟುವ ಪುಣ್ಯವಿಲ್ಲದಿದ್ದರೆ, ಅಲ್ಲಿಯ ವನದಲ್ಲಿ ದುಂಬಿಯೋ ಕೋಗಿಲೆಯೋ ಆಗಿಯಾದರೂ ಹುಟ್ಟಬೇಕೆಂದು ಅವನ ಆಸೆ. ದೇಶಪ್ರೇಮದ ಉದಾಹರಣೆಯೆಂದು ಇದನ್ನು ಮಕ್ಕಳಿಗೆ ಕಲಿಸುತ್ತೇವೆ. ಆದರೆ ಅದರಲ್ಲಿ ತೋಟವನ್ನು ಅಳೆಯುವ ಒಂದು ಅಳತೆಗೋಲೂ ಅಡಗಿದೆ. ದುಂಬಿಗೂ ಕೋಗಿಲೆಗೂ ಹುಟ್ಟಿ ಬದುಕಬೇಕೆನಿಸುವಂಥದೇ ತೋಟ. ಈ ಅಳತೆಗೋಲು ನಮ್ಮ ಕೈಯಿಂದ ಎಲ್ಲಿ ಜಾರಿತೆಂದು ತಿಳಿಯಬೇಕಾದರೆ ಲಾಲ್‌ಬಾಗಿನ ಕಡೆ ಹೋಗಬೇಕು.

ಹೈದರಾಲಿ ೧೭೬೦ರಲ್ಲಿ ಲಾಲ್‌ಬಾಗಿಗೆ ಅಡಿಪಾಯ ಹಾಕಿದ. ಮಗ ಟಿಪ್ಪು ದೇಶದೇಶಗಳಿಂದ ಗಿಡಬೀಜಗಳನ್ನು ತರಿಸಿ ಅದನ್ನು ಬೆಳೆಸಿದ. ಟಿಪ್ಪು ಮಡಿದ ಮರುವರ್ಷ, ೧೮೦೦ರಲ್ಲಿ, ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಈ ತೋಟಗಳನ್ನು ಕಂಡು ವರ್ಣಿಸಿದ್ದಾನೆ. ಚೌಕಾಕಾರದ ಪಾತಿಗಳು, ನಡುವೆ ಕಾಲುದಾರಿ. ಒಂದು ಪಾತಿಯ ತುಂಬ ಬರಿಯ ಗುಲಾಬಿ, ಇನ್ನೊಂದರ ತುಂಬ ಬರಿಯ ದಾಳಿಂಬೆ. ಬೇಸಗೆಯಲ್ಲಿ ಪ್ರತಿಯೊಂದಕ್ಕೂ ನೀರೆರೆಯಬೇಕಾಗಿದ್ದಿತೆಂದೂ, ಅದಕ್ಕಾಗಿ ಎತ್ತುಗಳು ಕಪಿಲೆ ಎಳೆಯುತ್ತಿದ್ದುವೆಂದೂ ಅವನು ಗಮನಿಸಿದ. ತೋಪಿನ ಮರಕ್ಕೆ ಮಳೆ ಸಾಕು. ಅರಸನ ತೋಟಕ್ಕೆ ಎತ್ತು ಬೇಕು. ಎರಡು ಬಗೆಯ ತೋಟಗಾರಿಕೆಯ ವ್ಯತ್ಯಾಸವೆಲ್ಲ ಇಷ್ಟರಲ್ಲಿದೆ.

ಮುಂದೆ ಲಾಲ್‌ಬಾಗು ಕಂಪನಿಯ ಕೈಗೆ ಬಂದು, ೧೮೫೬ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ನಿನ ಕ್ಯೂ ಉದ್ಯಾನದಿಂದ ಪಳಗಿದವರು ಬಂದರು. ೧೮೭೪ರಿಂದ ೧೯೦೮ರವರೆಗೆ ಇದ್ದ ಜಾನ್ ಕ್ಯಾಮೆರಾನ್ ಎಷ್ಟೋ ಪರದೇಶದ ತರಕಾರಿಗಳನ್ನು ಇಲ್ಲಿ ನೆಲೆಗೊಳಿಸಿದರು. ನಾವು ಸಾರಿಗೆ ಹಾಕುವ ಸೀಮೆಬದನೆ ಅವರ ಕೊಡುಗೆ. ನೆರೆಯ ತಮಿಳರು ಇಂದಿಗೂ ಅದನ್ನು 'ಬೆಂಗಳೂರು ಕತ್ತರಿಕ್ಕಾಯ್' ಎನ್ನುತ್ತಾರೆ. ೧೮೮೯ರಲ್ಲಿ ಗಾಜಿನ ಮನೆಗೆ ಶಂಕುಸ್ಥಾಪನೆಯಾಯಿತು. ಅನಂತರ ಬಂದವರು ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್. ೧೯೦೮ರಿಂದ ೧೯೩೨ರವರೆಗೆ ಅವರು ಲಾಲ್‌ಬಾಗನ್ನು ನೋಡಿಕೊಂಡರು. ಅವರ ಕಾಲದಲ್ಲಿಯೇ, ೧೯೧೨ರಲ್ಲಿ, ಮೈಸೂರು ಉದ್ಯಾನಕಲಾ ಸಂಘ ಹುಟ್ಟಿತು. ಗೃಹಸ್ಥರು, ಗೃಹಿಣಿಯರು, ನಿವೃತ್ತ ಅಧಿಕಾರಿಗಳು ಕುಂಡಗಳನ್ನು ಹೊತ್ತು ತಂದು ಫಲಪುಷ್ಪ ಪ್ರದರ್ಶನದಲ್ಲಿಟ್ಟು ಬಹುಮಾನಕ್ಕೆ ಸ್ಪರ್ಧಿಸಿದರು. ಕಸಿ ಕಟ್ಟುವುದು, ಪಾತಿ ಮಾಡುವುದು, ಗೊಬ್ಬರದ ಪ್ರಮಾಣ ಇವನ್ನೆಲ್ಲ ಒಬ್ಬರಿಂದೊಬ್ಬರು ಕಲಿತರು.

ಇದು ಸಣ್ಣ ಸಾಧನೆಯಲ್ಲ. ಒಂದು ನಗರದ ಮಧ್ಯಮವರ್ಗಕ್ಕೆ ಮಣ್ಣಿನಲ್ಲಿ ಕೈಯಿಡಲು ಕಲಿಸಿದ ಸಂಸ್ಥೆಗಳು ನಮ್ಮ ದೇಶದಲ್ಲಿ ಎಷ್ಟಿವೆ? ಕ್ರುಂಬಿಗಲ್ಲರು ಊರಿನ ಬೀದಿಗಳನ್ನೂ ಒಂದು ತೋಟದಂತೆ ಕಂಡರು. ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ಊರು ಹೂವಿಲ್ಲದೆ ಇರಬಾರದು ಎಂಬುದು ಅವರ ಯೋಜನೆ. ಬೆಂಗಳೂರಿನ ಬೀದಿಯಲ್ಲಿ ಜಕರಾಂಡದ ನೀಲಿಯನ್ನು ಕಂಡು ನಿಂತವರೆಲ್ಲ ಈ ಪರಂಪರೆಗೆ ಋಣಿಗಳು.

ಆದರೆ ಆ ಶಾಲೆ ಕಲಿಸಿದ್ದು ಮುಖ್ಯವಾಗಿ ಒಂದೇ ಪ್ರಶ್ನೆ: ಹೂವು ಹೇಗೆ ಕಾಣುತ್ತದೆ? ಜಕರಾಂಡ, ಟಬೆಬೂಯ, ಮಳೆಮರ ಇವು ಅಮೆರಿಕ ಖಂಡದವು. ಕತ್ತಿಕಾಯಿ ಮರ, ಅಂದರೆ ಗುಲ್‌ಮೊಹರ್, ಮಡಗಾಸ್ಕರಿನದು. ಇವುಗಳ ನಡುವೆ ನಮ್ಮ ಹೊಂಗೆ, ಕಕ್ಕೆ, ಹೊಳೆದಾಸವಾಳಗಳೂ ನಿಂತಿವೆ ನಿಜ. ಹೂವು ಯಾರಿಗಾಗಿ ಅರಳುತ್ತದೆ, ಹಣ್ಣನ್ನು ತಿನ್ನುವವರು ಯಾರು, ಎಲೆಯ ಮೇಲೆ ಮೊಟ್ಟೆಯಿಡುವ ಚಿಟ್ಟೆ ಯಾವುದು ಎಂಬ ಹಳ್ಳಿಯ ಪ್ರಶ್ನೆಗಳು ಮಾತ್ರ ಹಿಂದೆ ಬಿದ್ದುವು.

ಭಾಷೆಯಲ್ಲಿ ಈ ಕಥೆಯ ಗುರುತು ಉಳಿದಿದೆ. ಹೊರಗಿನಿಂದ ಬಂದದ್ದಕ್ಕೆ ನಮ್ಮ ಹಿರಿಯರು 'ಸೀಮೆ' ಎಂಬ ಮುದ್ರೆ ಒತ್ತುತ್ತಿದ್ದರು: ಸೀಮೆಬದನೆ, ಸೀಮೆಹುಣಸೆ, ಸೀಮೆಎಣ್ಣೆ. ಊರಿನದಕ್ಕೆ 'ನಾಟಿ', ಉತ್ತರದ ಕಡೆ 'ಜವಾರಿ'. ಆದರೆ ಮುದ್ರೆ ಬೇಗ ಅಳಿಸಿಹೋಗುತ್ತದೆ. ಇಂದು ಸಂತೆಯಲ್ಲಿ 'ನಾಟಿ ಟೊಮೇಟೊ' ಕೇಳಿ ಕೊಳ್ಳುತ್ತೇವೆ. ಟೊಮೇಟೊ ಬಂದದ್ದೇ ದಕ್ಷಿಣ ಅಮೆರಿಕದಿಂದ! ಆಸ್ಟ್ರೇಲಿಯದ ಮರವೊಂದು 'ನೀಲಗಿರಿ' ಎಂದು ನಮ್ಮ ಬೆಟ್ಟದ ಹೆಸರನ್ನೇ ಇಟ್ಟುಕೊಂಡಿದೆ. ಹೊರಗಿನದೆಲ್ಲ ಕೆಟ್ಟದ್ದೆಂದು ಹೊರಟರೆ ನಮ್ಮ ಸಾರಿನಲ್ಲಿ ಮೆಣಸಿನಕಾಯಿಯೂ ಇರಲಾರದು. ಬಂದ ಅತಿಥಿ ಮನೆಯವರೊಡನೆ ಹೊಂದಿಕೊಂಡು ಉಣ್ಣುವನೋ, ಮನೆಯವರನ್ನೇ ಹೊರಗಟ್ಟುವನೋ ಎಂಬುದೇ ನೋಡಬೇಕಾದದ್ದು.

ಹೊರಗಟ್ಟಿದ ಅತಿಥಿಗಳೂ ಉಂಟು. ಲಂಟಾನ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂತು. ಅಂದದ ಬೇಲಿಯೆಂದು ಸಾಕಿದ ಅದು ಬೇಲಿ ಹಾರಿ, ಬಂಡೀಪುರದಲ್ಲಿಯೂ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಕಾಡಿನ ಹುಲ್ಲನ್ನು ನುಂಗಿತು. ಬೆಟ್ಟದ ಸೋಲಿಗರು ಹೇಳುವುದೇ ಬೇರೆ: ಹಿಂದೆ ತಾವು ಕಾಲನೋಡಿ ಹಚ್ಚುತ್ತಿದ್ದ 'ತರಗು ಬೆಂಕಿ' ಕಳೆಯನ್ನು ಅಡಗಿಸಿಟ್ಟಿತ್ತು, ಆ ಬೆಂಕಿ ನಿಂತ ಮೇಲೆ ಲಂಟಾನ ಹಬ್ಬಿತು ಎಂದು. ಅವರ ಈ ಮಾತಿಗೆ ಸಂಶೋಧಕರು ಕಿವಿಗೊಟ್ಟದ್ದು ಬಹಳ ತಡವಾಗಿ.

ನೀಲಗಿರಿಯ ಕಥೆಯಲ್ಲಿ ಪಾಠ ಹೇಳಿದವರು ರೈತರೇ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರ, ತುಮಕೂರು, ಬೆಂಗಳೂರು ಸುತ್ತಿನ ಹೊಲಗಳಿಗೂ ಗೋಮಾಳಗಳಿಗೂ ಈ ಮರ ಹಬ್ಬಿತು. ಅದರ ಎಲೆಯನ್ನು ದನ ಮುಟ್ಟದು, ಅದರ ಅಡಿಯಲ್ಲಿ ಬೇರೆ ಬೆಳೆ ಏಳದು. ೧೯೮೩ರ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗರು ಸರ್ಕಾರದ ಸಸಿಮಡಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವುಗಳ ಬೀಜ ಹಾಕಿದರು. ಅದೇ ವರ್ಷ ಉತ್ತರ ಕನ್ನಡದಲ್ಲಿ ಅಪ್ಪಿಕೋ ಚಳವಳಿ ಆರಂಭವಾಯಿತು. ಉಳಿಸು, ಬೆಳೆಸು, ಬಳಸು ಎಂಬುದು ಅದರ ಸೂತ್ರ. ೧೯೮೭ರ ನವೆಂಬರ್ ೧೪ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನಡೆಸಿದ ಸತ್ಯಾಗ್ರಹದ ಹೆಸರೇ 'ಕಿತ್ತಿಕೋ-ಹಚ್ಚಿಕೋ'. ಬೇಡದ್ದನ್ನು ಕೀಳುವುದರೊಡನೆ ಬೇಕಾದದ್ದನ್ನು ಹಚ್ಚುವುದನ್ನೂ ಸೇರಿಸಿಕೊಂಡದ್ದು ಆ ಹೋರಾಟದ ವಿವೇಕ. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ ಆದೇಶ ಹೊರಡಿಸಿದ್ದು ೨೦೧೭ರಲ್ಲಿ. ರೈತರ ಪಾಠ ವಿಧಾನಸೌಧಕ್ಕೆ ತಲುಪಲು ಮೂವತ್ತನಾಲ್ಕು ವರ್ಷ ಹಿಡಿಯಿತು!

ಓದುವ ಮಂದಿಗೆ ಈ ವಿದ್ಯೆಯನ್ನು ಕನ್ನಡದಲ್ಲಿ ಕೊಟ್ಟವರಲ್ಲಿ ಬಿ.ಜಿ.ಎಲ್. ಸ್ವಾಮಿಯವರನ್ನು ನೆನೆಯದೆ ಇರಲಾಗದು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟಗಳಲ್ಲಿ ಅಲೆದ ಕಥೆಯನ್ನು ಅವರು 'ಹಸುರು ಹೊನ್ನು' ಎಂದು ಬರೆದರು. ೧೯೭೮ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಗಿಡದ ಎಲೆ ಎಣಿಸುವುದಕ್ಕೂ ನಗುವುದಕ್ಕೂ ವಿರೋಧವಿಲ್ಲವೆಂದು ತೋರಿಸಿದ ಪುಸ್ತಕ ಅದು.

ಪುಸ್ತಕವೇ ಇಲ್ಲದೆ ಕಲಿಸಿದವರೂ ಇದ್ದಾರೆ. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ಕೂಲಿಯಾಗಿ ದುಡಿದವರು. ಕಾಡಿನಲ್ಲಿ ತಾಯಿಮರ ಯಾವುದು, ಅದರ ಬೀಜವನ್ನು ಯಾವ ವಾರದಲ್ಲಿ ಆರಿಸಬೇಕು ಎಂಬುದು ಅವರಿಗೆ ಕರಗತವಾಗಿತ್ತು. ೨೦೨೪ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಹೊರಟುಹೋದ ವಿದ್ಯೆಯಲ್ಲಿ ನಾವು ಎಷ್ಟನ್ನು ಬರೆದಿಟ್ಟುಕೊಂಡಿದ್ದೇವೆ? ಮಾಗಡಿಯ ಕಡೆಯ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ ಗಂಡನೊಡನೆ ಕುದೂರಿನ ದಾರಿಯಲ್ಲಿ ನೆಟ್ಟದ್ದು ಆ ನೆಲದ್ದೇ ಆದ ಆಲ. ಮಳೆಗಾಲಕ್ಕೆ ಹೊಂದಿಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಆ ಸಸಿಗಳನ್ನು ಬದುಕಿಸಿದರು. ಬೇರು ಹಿಡಿದ ಮೇಲೆ ಆಲಕ್ಕೆ ಕಪಿಲೆ ಬೇಕಿಲ್ಲ.

ಆಲವೊಂದು ನಿಂತರೆ ಒಂದು ಸಂಸಾರವೇ ಬಂದು ಸೇರುತ್ತದೆ. ಅತ್ತಿಯ ಹಣ್ಣನ್ನು ಬಿಚ್ಚಿದರೆ ಹುಳು ಕಾಣುವುದೆಂದು ನಮ್ಮವರು ಹೀಗಳೆಯುತ್ತಾರೆ. ಆದರೆ ಆ ಪುಟ್ಟ ಕಣಜವಿಲ್ಲದೆ ಅತ್ತಿಯಲ್ಲಿ ಬೀಜ ಕಟ್ಟದು; ಅತ್ತಿಯಿಲ್ಲದೆ ಆ ಕಣಜ ಬದುಕದು. ಕರಿಬೇವಿನ ಎಲೆಯ ಮೇಲೆ ಒಂದು ಚಿಟ್ಟೆಯ ಮರಿ ಬೆಳೆಯುತ್ತದೆ. ಈಶ್ವರಿಬಳ್ಳಿಯ ಮೇಲೆ ನಮ್ಮ ರಾಜ್ಯದ ಚಿಟ್ಟೆಯೆನಿಸಿದ ದೊಡ್ಡ ಹೊನ್ನಿನ ರೆಕ್ಕೆಯದು. ನನ್ನನ್ನು ಪೇಚಿಗೆ ಸಿಕ್ಕಿಸಿದ ಕಂಬದ ಮರವೂ ಬರಿಯ ಕಂಬವಲ್ಲ. ಹಸಿರು ಚುಕ್ಕೆಯ ಚಿಟ್ಟೆಗಳ ಮರಿಗಳಿಗೆ ಅದೇ ಊಟದ ಮನೆ. ಬಳ್ಳಿಯನ್ನು ಕಿತ್ತರೆ ಚಿಟ್ಟೆ ಬೇರೆ ಎಲೆಯನ್ನು ತಿಂದು ಬದುಕಿಕೊಳ್ಳುತ್ತದೆಂದು ತಿಳಿಯಬಾರದು. ಅದರ ಮಟ್ಟಿಗೆ ಲೋಕವೇ ಮುಗಿಯಿತು.

ಲಾಲ್‌ಬಾಗು ಕಲಿಸಿದ ರೀತಿಯನ್ನು ಬಿಡಬೇಕಾಗಿಲ್ಲ. ಪ್ರದರ್ಶನ, ಸಂಘ, ಸಸಿಗಳ ಕೊಡುಕೊಳೆ, ನೆರೆಯವರ ಮೆಚ್ಚುಗೆ, ಒಂದಿಷ್ಟು ಸ್ಪರ್ಧೆ ಇವೆಲ್ಲ ಒಳ್ಳೆಯ ಗುರುಗಳೇ. ದೊಡ್ಡ ಡೇಲಿಯಕ್ಕೆ ಕೊಡುವ ಬಹುಮಾನದ ಪಕ್ಕದಲ್ಲಿ, ಹೆಚ್ಚು ಬಗೆಯ ದುಂಬಿ, ಹಕ್ಕಿಗಳು ಬರುವ ಹಿತ್ತಲಿಗೂ ಒಂದು ಬಹುಮಾನವಿದ್ದರೆ ಸಾಕು. ನಮ್ಮ ಗೃಹಸ್ಥರು ಹತ್ತು ವರ್ಷದಲ್ಲಿ ಊರಿನ ಮುಖವನ್ನೇ ಬದಲಿಸಿಯಾರು.

ನನ್ನ ಪ್ರಾಯಶ್ಚಿತ್ತದ ಮಾತು ಉಳಿಯಿತು. ಮರುವರ್ಷದ ಮಳೆಗಾಲದಲ್ಲಿ ವಿದ್ಯಾರ್ಥಿಗಳೊಡನೆ ಕಾಲೇಜಿನ ಬಯಲಿನಲ್ಲಿ ಎರಡು ಸಸಿ ನೆಟ್ಟೆ: ಒಂದು ನಿಜವಾದ ಅಶೋಕ, ಒಂದು ಬಕುಳ, ಬಕುಳವೆಂದರೆ ನಮ್ಮ ರಂಜದ ಹೂವಿನ ಮರ. ಬೇಸಗೆಯ ರಜೆ ಕಳೆದು ಬಂದು ನೋಡಿದಾಗ ಅಶೋಕ ಒಣಗಿತ್ತು. ಸಸ್ಯಶಾಸ್ತ್ರದ ಗೆಳೆಯರು ಮತ್ತೆ ನಕ್ಕರು. ಅಶೋಕ ತೇವವುಳ್ಳ ಕಾಡಿನ ನೆರಳಿನ ಮರ. ಬಟ್ಟಬಯಲಿನಲ್ಲಿ ನೆಟ್ಟು ಊರಿಗೆ ಹೋದರೆ ಅದು ಕಾಯುವುದೆ? ನಾಡಿನ ಗಿಡವೆಂದಮಾತ್ರಕ್ಕೆ ಎಲ್ಲಿ ನೆಟ್ಟರೂ ನಡೆಯುತ್ತದೆಂದು ನಾನು ಭಾವಿಸಿದ್ದೆ. ಗಿಡಕ್ಕೆ ನಾಡು ಗೊತ್ತಿಲ್ಲ. ತನ್ನ ನೆಲ, ನೀರು, ನೆರಳು ಗೊತ್ತು. ಅದನ್ನು ಕೇಳಿ ತಿಳಿದು ನೆಡುವುದೇ ಹಳ್ಳಿಯ ಹಿರಿಯರು ಕಲಿತಿದ್ದ ವಿದ್ಯೆ.

ರಂಜ ಬದುಕಿದೆ, ಈಗ ನನ್ನ ಎದೆಯೆತ್ತರ. ಪ್ರಶ್ನೆ ಕೇಳಿದ ಹುಡುಗಿ ಪದವಿ ಮುಗಿಸಿ ಹೋಗಿದ್ದಾಳೆ. ಮುಂದಿನ ತರಗತಿಯಲ್ಲಿ ಆ ಪ್ರಶ್ನೆಯನ್ನು ಯಾರಾದರೂ ಮತ್ತೆ ಕೇಳಿದರೆ, ಈ ಸಲ ಕಿಟಕಿಯಿಂದ ಕೈ ತೋರಿಸದೆ, ಅವರನ್ನೇ ಕರೆದುಕೊಂಡು ಮರದ ಬಳಿಗೆ ಹೋಗಬೇಕೆಂದಿದ್ದೇನೆ.