ಜೇಬಿನಲ್ಲಿ ಇಲ್ಲದ ಖಾಲಿ ತೋಟಾಗಳು

ಸಿನಿಮಾದಲ್ಲಿ ಹೀರೋ ರಿವಾಲ್ವರ್ ಎಷ್ಟು ಸಲ ಹಾರಿಸಿದ ಅಂತ ನಾವ್ಯಾರೂ ಎಣಿಸೋದಿಲ್ಲ. ಆದರೆ ನಿಜವಾದ ರಿವಾಲ್ವರಿಗೆ ಲೆಕ್ಕ ಗೊತ್ತು. ಸಾಮಾನ್ಯವಾಗಿ ಆರು, ಅಷ್ಟೇ. ಆಮೇಲೆ ಅದು ಬರೀ ಕಬ್ಬಿಣದ ತುಂಡು. ಎದುರಿಗೆ ಕೊಲ್ಲಲು ಬಂದವನಿದ್ದಾಗ ಮತ್ತೆ ಗುಂಡು ತುಂಬೋಕೆ ಎಷ್ಟು ಹೊತ್ತು ಬೇಕು? ಈ ಪ್ರಶ್ನೆಗೆ ಅಮೆರಿಕದ ಪೊಲೀಸರು ತೆತ್ತ ಬೆಲೆಯ ಕಥೆ ಇದು. ಒಂದು ಸಲ ಸ್ಟುಡಿಯೋದಲ್ಲಿ ಕೂತು ನಾನು ಇದನ್ನು ತಪ್ಪಾಗಿ ಹೇಳಿದ್ದೆ. ಅದಕ್ಕೇ ಮತ್ತೆ ಹೇಳುತ್ತಿದ್ದೇನೆ.

1970ರ ಏಪ್ರಿಲ್ 5, ಮಧ್ಯರಾತ್ರಿಗೆ ಸ್ವಲ್ಪ ಮುಂಚೆ. ಲಾಸ್ ಏಂಜಲೀಸ್‌ನ ಉತ್ತರಕ್ಕಿರುವ ನ್ಯೂಹಾಲ್. ಕಾರಿನಲ್ಲಿದ್ದ ಒಬ್ಬ ಬಂದೂಕು ತೋರಿಸಿ ಹೆದರಿಸಿದ ಅಂತ ದೂರು ಬಂದಿತ್ತು. ಕ್ಯಾಲಿಫೋರ್ನಿಯಾ ಹೆದ್ದಾರಿ ಗಸ್ತು ಪಡೆಯ ಇಬ್ಬರು ಆ ಕಾರನ್ನು ತಡೆದರು. ಅವರಿಬ್ಬರೂ ಬಿದ್ದರು. ನೆರವಿಗೆ ಬಂದ ಇನ್ನಿಬ್ಬರೂ ಬಿದ್ದರು. ಐದು ನಿಮಿಷದೊಳಗೆ ನಾಲ್ಕು ಜೀವ! ಯಾರಿಗೂ ಇಪ್ಪತ್ತೈದು ತುಂಬಿರಲಿಲ್ಲ. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ.

ಅವರಲ್ಲೊಬ್ಬ ಜೇಮ್ಸ್ ಪೆನ್ಸ್. ಆರೂ ಗುಂಡು ಮುಗಿದಿದ್ದವು, ಮೈಗೆ ಏಟು ಬಿದ್ದಿತ್ತು. ಕಾರಿನ ಮರೆಯಲ್ಲಿ ಕೂತು, ಸೊಂಟದ ಚೀಲದಿಂದ ಬಿಡಿ ಗುಂಡುಗಳನ್ನು ಅಂಗೈಗೆ ಸುರಿದುಕೊಂಡು ಒಂದೊಂದಾಗಿ ತುಂಬುತ್ತಿದ್ದ. ಹಂತಕರ ಕಾರಿನಲ್ಲೋ ಬಂದೂಕುಗಳ ರಾಶಿಯೇ ಇತ್ತು. ಒಂದು ಕೈಕೊಟ್ಟರೆ ಇನ್ನೊಂದು. ಪೆನ್ಸ್ ತುಂಬಿ ಮುಗಿಸುವ ಹೊತ್ತಿಗೆ ಹಂತಕ ಪಕ್ಕಕ್ಕೇ ಬಂದಿದ್ದ.

ಆಮೇಲೆ ಹುಟ್ಟಿತು ನೋಡಿ ಕಥೆ. ಪೆನ್ಸ್ ಜೇಬಿನಲ್ಲಿ ಖಾಲಿ ತೋಟಾಗಳು ಸಿಕ್ಕವಂತೆ! ತರಬೇತಿ ಮೈದಾನದಲ್ಲಿ ಕಸ ಬೀಳಬಾರದು ಅಂತ ಖಾಲಿ ತೋಟಾ ಜೇಬಿಗೆ ಹಾಕಿಕೊಳ್ಳುವ ರೂಢಿ ಆಗ ಇತ್ತು. ಪ್ರಾಣ ಹೋಗುವಾಗಲೂ ಕೈ ಅದನ್ನೇ ಮಾಡಿತು, ಅಮೂಲ್ಯ ಸೆಕೆಂಡುಗಳು ಹೋದವು ಅಂತ ಕಥೆ. 'ಅಭ್ಯಾಸ ಮಾಡಿದ್ದನ್ನೇ ಕೈ ಮಾಡುತ್ತೆ' ಅನ್ನೋ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ದಶಕಗಟ್ಟಲೆ ಪೊಲೀಸ್ ತರಬೇತಿಯಲ್ಲಿ ಇದನ್ನೇ ಹೇಳಿದರು. ನಾನೂ ಹೇಳಿದೆ, ಧ್ವನಿ ಏರಿಸಿ, ಪಾಜ್ ಕೊಟ್ಟು.

ಆದರೆ ಕಥೆ ಸುಳ್ಳು. ತನಿಖೆಯ ದಾಖಲೆಗಳ ಪ್ರಕಾರ ಖಾಲಿ ತೋಟಾಗಳು ಸಿಕ್ಕಿದ್ದು ನೆಲದ ಮೇಲೆ. ಪೆನ್ಸ್ ಅವನ್ನು ಅಲ್ಲೇ ಬೀಳಿಸಿದ್ದ. ಅಂದರೆ ಏಟು ತಿಂದ ಆ ಹುಡುಗ ಮಾಡಬೇಕಾದ್ದನ್ನೇ ಮಾಡುತ್ತಿದ್ದ.

ಹಾಗಾದರೆ ತಪ್ಪು ಎಲ್ಲಿತ್ತು? ನಾನು ಇಂಜಿನಿಯರಿಂಗ್ ಓದಿದವನು. ಯಂತ್ರ ಕೈಕೊಟ್ಟರೆ ಆಪರೇಟರ್‌ನನ್ನು ಬೈಯುವ ಮೊದಲು ವಿನ್ಯಾಸ ನೋಡು ಅಂತ ನಮಗೆ ಕಲಿಸಿದ್ದರು. ಭಯದಲ್ಲಿ ಬೆರಳು ನಡುಗುತ್ತೆ, ಸೂಕ್ಷ್ಮ ಕೆಲಸ ಆಗೋದಿಲ್ಲ. ಅಂಥ ಬೆರಳಿಗೆ ಕತ್ತಲಲ್ಲಿ ಆರು ಸಣ್ಣ ತೂತು, ಆರು ಬಿಡಿ ಗುಂಡು ಕೊಟ್ಟರೆ? ನ್ಯೂಹಾಲ್ ನಂತರ ಆ ಪಡೆ ತನ್ನವರಿಗೆ ಸ್ಪೀಡ್‌ಲೋಡರ್ ಕೊಟ್ಟಿತು. ಆರು ಗುಂಡನ್ನು ವೃತ್ತಾಕಾರವಾಗಿ ಹಿಡಿದಿಡುವ ಪುಟ್ಟ ಸಾಧನ ಅದು. ಆರೂ ಒಟ್ಟಿಗೇ ಒಳಗೆ ಹೋಗುತ್ತವೆ. ಆರು ಕೆಲಸ ಒಂದಾಯಿತು. ಮುಂದೆ ಎಂಬತ್ತು-ತೊಂಬತ್ತರ ದಶಕಗಳಲ್ಲಿ ಅಮೆರಿಕದ ಪೊಲೀಸರು ರಿವಾಲ್ವರನ್ನೇ ಬಿಟ್ಟು ಮ್ಯಾಗಜೀನ್ ಇರುವ ಪಿಸ್ತೂಲಿಗೆ ಹೋದರು.

ಹಾಗಂತ ಸಾಧನವೊಂದೇ ನಾಲ್ವರನ್ನೂ ಉಳಿಸುತ್ತಿತ್ತು ಅಂತ ನಾನು ಹೇಳೋದಿಲ್ಲ. ಆದರೆ ಜೇಬಿನ ಕಥೆ ಎಲ್ಲರಿಗೂ ಅನುಕೂಲವಾಗಿತ್ತು. ತಪ್ಪು ಸತ್ತವನ ಕೈಯದ್ದು ಅಂದುಬಿಟ್ಟರೆ, ಬಿಡಿ ಗುಂಡಿನ ಚೀಲ ಕೊಟ್ಟು ಕಳಿಸಿದವರನ್ನು ಯಾರು ಕೇಳುತ್ತಾರೆ? ನಮ್ಮಂಥವರಿಗೂ ಒಂದು ಒಳ್ಳೆ ಎಪಿಸೋಡ್ ಸಿಗುತ್ತೆ.

ಪೆನ್ಸ್‌ಗೆ ಸ್ಪಷ್ಟನೆ ಕೊಡೋಕೆ ಆಗೋದಿಲ್ಲ. ಅವನ ಪರವಾಗಿ ನಾನು ಇಲ್ಲಿ ಕೊಡುತ್ತಿದ್ದೇನೆ. ಜೇಬಿನಲ್ಲಿ ಏನೂ ಇರಲಿಲ್ಲ ಸ್ವಾಮಿ.